ಗಣಕಯಂತ್ರದ ಹೊಸ ಮುಖ ಮತ್ತು ನಮ್ಮ ಮನೆಯ ಹಿರಿಯರು

ಕಳೆದ ಶ್ರಾವಣ ಮಾಸದಲ್ಲಿ ಗದಗ ತಾಲೂಕಿನ ಹರ್ತಿ ಗ್ರಾಮಕ್ಕೆ ಹೋಗುವ ಸಂದರ್ಭವೊಂದು ನಮಗೆ ಒದಗಿತು. ಶ್ರೀ ಬಸವೇಶ್ವರ ದೇವಸ್ಥಾನದ ದರ್ಶನ ಮುಗಿಸಿಕೊಂಡು, ಬಹುಕಾಲದ ಪರಿಚಯದ ಹಿರಿಯರೊಬ್ಬರ ಮನೆಗೆ ಪ್ರಸಾದಕ್ಕೆಂದು ಹೋದೆವು. ಎಪ್ಪತ್ತು ದಾಟಿದ ಆ ಹಿರಿಯರು ಸಹಕಾರಿ ಸಂಘವೊಂದರಲ್ಲಿ ಲೆಕ್ಕ ಬರೆದು ನಿವೃತ್ತರಾದವರು. ನಿವೃತ್ತಿಯ ತರುವಾಯವೂ ಕೈಕಟ್ಟಿ ಕೂಡದೆ, ಓಣಿಯ ಭಕ್ತರೆಲ್ಲ ಸೇರಿ ನಡೆಸುವ ದಾಸೋಹದ ಜಮಾ-ಖರ್ಚನ್ನು ಹನ್ನೆರಡು ವರ್ಷಗಳಿಂದ ಗಣಕಯಂತ್ರದಲ್ಲಿ ಬರೆದಿಡುತ್ತ ಬಂದವರು. ಯಾರ ಮನೆಯಿಂದ ಎಷ್ಟು ಜೋಳ ಬಂತು, ಯಾರು ಎಷ್ಟು ರೂಪಾಯಿ ಕಾಣಿಕೆಯಿತ್ತರು, ಬೆಲ್ಲಕ್ಕೆಷ್ಟು, ಬೇಳೆಗೆಷ್ಟು ಎಂಬುದನ್ನು ಒಂದು ಪೈ ತಪ್ಪದಂತೆ ಇಡುವುದನ್ನು ಅವರು ಕಾಯಕವೆಂದೇ ಭಾವಿಸಿದ್ದರು. ಬಿಜ್ಜಳನ ಭಂಡಾರಿಗಳಾಗಿದ್ದ ಬಸವಣ್ಣನವರ ಪರಂಪರೆಗೆ ಸೇರಿದ ನಾವು ಲೆಕ್ಕದಲ್ಲಿ ಶುಚಿಯಾಗಿರಬೇಡವೇ ಎಂಬುದು ಅವರು ಆಗಾಗ ಆಡುವ ಮಾತು.

ಅಂದು ಅವರ ಮುಖದಲ್ಲಿ ಎಂದಿನ ಗೆಲವು ಇರಲಿಲ್ಲ. ಹಳೆಯ ಯಂತ್ರ ಕೆಟ್ಟುಹೋದ ಕಾರಣ ಮಗ ಹೊಸದೊಂದನ್ನು ತಂದುಕೊಟ್ಟಿದ್ದ. ಯಂತ್ರ ವೇಗವಾದುದು, ಪರದೆ ವಿಶಾಲವಾದುದು, ಆದರೆ ಪರದೆಯ ಮೇಲಿನ ಲೋಕವೆಲ್ಲ ಬೇರೆಯಾಗಿತ್ತು. ಅದು ಯಾವ ಕಂಪನಿಯದೆಂಬುದು ಇಲ್ಲಿ ಮುಖ್ಯವಲ್ಲ. ಹಿರಿಯರು ಹೇಳಿದ್ದಿಷ್ಟು: "ದಿನಾ ಒತ್ತೋ ಗುಂಡಿ ಇದ್ದ ಜಾಗಾದಾಗ ಇಲ್ಲರೀ. ಹೆಸರು ಇದ್ದಲ್ಲಿ ಬರೇ ಸಣ್ಣ ಸಣ್ಣ ಚಿತ್ರ ಕುಂತಾವ. ನಮ್ಮ ಮನ್ಯಾಗ ನಾವೇ ಹೊಸಬರಾದಂಗ ಆಗೈತ್ರಿ."

ಆದದ್ದು ಇಷ್ಟೇ ಆಗಿದ್ದರೆ ನಗುತ್ತ ಮರೆಯಬಹುದಿತ್ತು. ಭಕ್ತರ ಮುಂದೆ ಲೆಕ್ಕ ಓದಬೇಕಾದ ದಿನಕ್ಕೆ ನಾಲ್ಕು ದಿನವಿರುವಾಗ, ಆ ವರ್ಷದ ಲೆಕ್ಕದ ಕಡತವೇ ಪರದೆಯ ಮೇಲಿಂದ ಕಾಣದಾಯಿತು. ತಾವೇ ಯಾವುದೋ ಅರಿಯದ ಚಿತ್ರವನ್ನೊತ್ತಿ ಅದನ್ನು ಅಳಿಸಿಬಿಟ್ಟೆವೆಂದು ಹಿರಿಯರು ಬಗೆದರು. ನಾಚಿಕೆಯಿಂದ ಮನೆಯಲ್ಲಿ ಯಾರಿಗೂ ಹೇಳಲಿಲ್ಲ. ಎರಡು ರಾತ್ರಿ ದೀಪ ಹಚ್ಚಿಕೊಂಡು ಕುಳಿತು, ಚೀಟಿ-ಪಾವತಿಗಳನ್ನೆಲ್ಲ ಹರವಿ, ಕೆಂಪು ಬಟ್ಟೆಯ ಹಳೆಯ ಖಾತೆ ಪುಸ್ತಕದಲ್ಲಿ ಮೊದಲಿನಿಂದ ಬರೆದರು. ಮೂರನೆಯ ದಿನ ಗದಗಿನ ಕಾಲೇಜಿನಿಂದ ಬಂದ ಮೊಮ್ಮಗಳು ಐದು ನಿಮಿಷಗಳಲ್ಲಿ ಕಡತವನ್ನು ಹುಡುಕಿಕೊಟ್ಟಳು. ಅದು ಅಳಿದಿರಲಿಲ್ಲ, ಹೊಸ ವ್ಯವಸ್ಥೆ ತನ್ನಷ್ಟಕ್ಕೆ ತಾನೇ ಅದನ್ನು ಬೇರೊಂದು ಕಡೆ ಇಟ್ಟಿತ್ತು. ಪುಸ್ತಕಕ್ಕೂ ಯಂತ್ರಕ್ಕೂ ತಾಳೆ ನೋಡಿದಾಗ ಒಂದು ರೂಪಾಯಿಯ ಅಂತರವೂ ಇರಲಿಲ್ಲ. ಆದರೂ ಹಿರಿಯರು ನಮ್ಮೊಡನೆ ಅಂದ ಮಾತು ಹೀಗಿತ್ತು: "ಲೆಕ್ಕ ಸಿಕ್ಕಿತ್ರಿ, ಧೈರ್ಯ ಸಿಗವಲ್ದು. ಈ ಕೆಲಸ ಯಾರರ ಹುಡುಗರಿಗೆ ಒಪ್ಪಿಸಿಬಿಡತೀನಿ."

ಕಣ್ಣು ಮಂಜಾಗಿರಲಿಲ್ಲ, ಬುದ್ಧಿ ಮಾಸಿರಲಿಲ್ಲ, ನಿಷ್ಠೆ ಕುಂದಿರಲಿಲ್ಲ. ಬದಲಾದದ್ದು ಪರದೆಯ ಮೇಲಿನ ಚಿತ್ರಗಳು ಮಾತ್ರ. ಅಷ್ಟಕ್ಕೇ ಒಬ್ಬ ಕಾಯಕಜೀವಿ ತನ್ನ ಕಾಯಕವನ್ನು ಬಿಡಲು ಸಿದ್ಧನಾದದ್ದು ನಮ್ಮನ್ನು ಬಹಳ ದಿನ ಕಾಡಿತು. ಇದು ಒಂದು ಮನೆಯ ಸಂಗತಿಯಲ್ಲವೆಂದು ತೋರಿದುದರಿಂದ ವಾಚಕರ ಮುಂದೆ ಇಡುತ್ತಿದ್ದೇವೆ.

ಪುಟ್ಟ ಚಿತ್ರಗಳು ಬಂದ ಬಗೆ

ಆರಂಭದ ಗಣಕಯಂತ್ರಗಳಲ್ಲಿ ಚಿತ್ರಗಳಿರಲಿಲ್ಲ. ಕಪ್ಪು ಪರದೆಯ ಮೇಲೆ ಆಜ್ಞೆಯ ಪದಗಳನ್ನು ಇಂಗ್ಲಿಷಿನಲ್ಲಿ ಬೆರಳಚ್ಚು ಮಾಡಬೇಕಿತ್ತು. ಒಂದಕ್ಷರ ತಪ್ಪಿದರೂ ಯಂತ್ರ ಒಪ್ಪುತ್ತಿರಲಿಲ್ಲ. ಸಾಮಾನ್ಯ ಜನರಿಗೂ ಅದು ಎಟುಕಬೇಕೆಂಬ ಉದ್ದೇಶದಿಂದ ಅಮೆರಿಕದ ಝೆರಾಕ್ಸ್ ಸಂಸ್ಥೆಯವರು 1973ರಲ್ಲಿ ಆಲ್ಟೊ ಎಂಬ ಪ್ರಾಯೋಗಿಕ ಯಂತ್ರವನ್ನೂ, 1981ರಲ್ಲಿ ಸ್ಟಾರ್ ಎಂಬ ಮಾರಾಟದ ಯಂತ್ರವನ್ನೂ ರೂಪಿಸಿದರು. ಸ್ಟಾರ್ ಯಂತ್ರದ ಪರದೆಯನ್ನು ಕಚೇರಿಯ ಮೇಜಿನಂತೆ ಭಾವಿಸಿ, ಅದರ ಮೇಲೆ ಕಾಗದ, ಕಡತ, ಕಪಾಟುಗಳ ಪುಟ್ಟ ಚಿತ್ರಗಳನ್ನು ಇಡಲಾಯಿತು. ಇವುಗಳನ್ನೇ ಐಕಾನ್ ಎನ್ನುತ್ತಾರೆ. ಆ್ಯಪಲ್ ಸಂಸ್ಥೆ 1984ರಲ್ಲಿ ಹೊರತಂದ ಮ್ಯಾಕಿಂಟಾಷ್ ಯಂತ್ರಕ್ಕಾಗಿ ಸೂಸಾನ್ ಕೇರ್ ಎಂಬ ಕಲಾವಿದೆ ಚೌಕುಳಿಯ ಕಾಗದದ ಮೇಲೆ ಒಂದೊಂದೇ ಮನೆ ತುಂಬುತ್ತ ಇಂತಹ ಚಿತ್ರಗಳನ್ನು ಬರೆದರು. ನಮ್ಮ ತಾಯಂದಿರು ಕಸೂತಿಯಲ್ಲಿ ಎಳೆ ಎಣಿಸಿ ಗೋಪುರ, ತೇರುಗಳನ್ನು ಬಿಡಿಸುವಂತೆಯೇ ಅದೂ ಮನೆ ಎಣಿಸುವ ಕೆಲಸ.

ನಮ್ಮ ನಾಡಿನ ಬಹುಪಾಲು ಮನೆ, ಕಚೇರಿ, ಮುದ್ರಣಾಲಯಗಳಿಗೆ ಈ ಪದ್ಧತಿ ಬಂದದ್ದು ಮೈಕ್ರೋಸಾಫ್ಟ್ ಸಂಸ್ಥೆಯ ವಿಂಡೋಸ್ ಮೂಲಕ. 1995ರ ಆಗಸ್ಟ್ 24ರಂದು ಬಿಡುಗಡೆಯಾದ ವಿಂಡೋಸ್ 95ರಲ್ಲಿ ಪರದೆಯ ಕೆಳಗೆ ಎಡಮೂಲೆಯಲ್ಲಿ 'ಸ್ಟಾರ್ಟ್' ಎಂಬ ಗುಂಡಿ ಬಂತು. ಆ ಗುಂಡಿಯ ಮೇಲೆ ಚಿತ್ರವೂ ಇತ್ತು, ಅಕ್ಷರವೂ ಇತ್ತು ಎಂಬುದನ್ನು ವಾಚಕರು ಗಮನದಲ್ಲಿಡಬೇಕು. 2001ರಲ್ಲಿ ಬಂದ ವಿಂಡೋಸ್ ಎಕ್ಸ್‌ಪಿಯ ನೀಲಿ ಪಟ್ಟಿ, ಹಸಿರು ಗುಂಡಿ ಮತ್ತು ನೀಲಿ ಆಕಾಶದಡಿಯ ಹಸಿರು ಗುಡ್ಡದ ಚಿತ್ರ ಎಷ್ಟೋ ಜನರ ನೆನಪಿನಲ್ಲಿ ಇಂದಿಗೂ ಉಳಿದಿವೆ. ಆ ಗುಡ್ಡ ಅಮೆರಿಕದ ಕ್ಯಾಲಿಫೋರ್ನಿಯದ್ದು. ಆದರೆ ಮುಂಗಾರಿನ ನಂತರ ನಮ್ಮ ಕಪ್ಪತಗುಡ್ಡದ ಒಂದು ಮಗ್ಗುಲನ್ನು ಕಂಡವರಿಗೆ ಅದು ಪರಕೀಯವೆನಿಸುತ್ತಿರಲಿಲ್ಲ. ಬರಹ, ನುಡಿ ಮುಂತಾದ ತಂತ್ರಾಂಶಗಳಲ್ಲಿ ಕನ್ನಡವನ್ನು ಬೆರಳಚ್ಚು ಮಾಡಲು ಕಲಿತ ಒಂದು ತಲೆಮಾರು ಈ ಮುಖವನ್ನು ನೋಡುತ್ತಲೇ ಕಲಿಯಿತು.

ಮುಖ ಬದಲಾಯಿತು, ಜನ ದೂರಿದರು

2012ರ ಅಕ್ಟೋಬರಿನಲ್ಲಿ ವಿಂಡೋಸ್ 8 ಬಂದಾಗ ಹದಿನೇಳು ವರ್ಷಗಳಿಂದ ಇದ್ದ ಆ ಮೂಲೆಯ ಗುಂಡಿಯೇ ಮಾಯವಾಯಿತು. ಬೆರಳಿನಿಂದ ಮುಟ್ಟಿ ನಡೆಸುವ ಪರದೆಗಳ ಕಾಲ ಬಂದಿತೆಂದು, ಹಾಸುಗಲ್ಲಿನಂತಹ ಬಣ್ಣದ ಚೌಕಗಳು ಪರದೆಯನ್ನು ತುಂಬಿದವು. ಇಲಿಯಾಕಾರದ ಮೌಸನ್ನು ಹಿಡಿದು ಮೇಜಿನ ಮುಂದೆ ಕುಳಿತವರಿಗೆ ದಿಕ್ಕು ತೋಚದಾಯಿತು. ಜಗತ್ತಿನೆಲ್ಲೆಡೆಯಿಂದ ದೂರುಗಳು ಬಂದವು. ಮರುವರ್ಷ, 2013ರಲ್ಲಿ, ಗುಂಡಿ ಮರಳಿತು. 2015ರ ವಿಂಡೋಸ್ 10ರಲ್ಲಿ ಅದರೊಳಗಿನ ಪಟ್ಟಿಯೂ ಮರಳಿತು.

2021ರ ಅಕ್ಟೋಬರಿನಲ್ಲಿ ವಿಂಡೋಸ್ 11 ಬಂದಾಗ ಕೆಳಪಟ್ಟಿಯ ಚಿತ್ರಗಳು ಮೂಲೆಯನ್ನು ಬಿಟ್ಟು ನಡುವಿಗೆ ಬಂದವು. ತೆರೆದಿಟ್ಟ ಕಡತಗಳ ಹೆಸರುಗಳನ್ನು ಆ ಪಟ್ಟಿಯಲ್ಲಿ ಬಿಡಿಬಿಡಿಯಾಗಿ ಕಾಣುವ ಅನುಕೂಲ ತಪ್ಪಿ, ಚಿತ್ರ ಮಾತ್ರ ಉಳಿಯಿತು. ಮೌಸಿನ ಬಲಗುಂಡಿಯನ್ನು ಒತ್ತಿದಾಗ ಬರುವ ಪಟ್ಟಿಯಲ್ಲಿ ಕತ್ತರಿಸು, ನಕಲಿಸು, ಹೆಸರು ಬದಲಿಸು, ಅಳಿಸು ಎಂಬ ಅರ್ಥದ ಪದಗಳನ್ನು ತೆಗೆದು, ಅವುಗಳ ಬದಲು ಒಂದು ಸಾಲಿನಲ್ಲಿ ಪುಟ್ಟ ಚಿತ್ರಗಳನ್ನಷ್ಟೇ ಇಟ್ಟರು. ನೋಡಲು ಅದು ಅಚ್ಚುಕಟ್ಟು. ಆದರೆ ಯಾವ ಚಿತ್ರಕ್ಕೆ ಯಾವ ಅರ್ಥವೆಂದು ಊಹಿಸುವ ಭಾರ ಬಳಸುವವನ ಮೇಲೆ ಬಿತ್ತು. ಅಳಿಸುವುದೂ ನಕಲಿಸುವುದೂ ಅಕ್ಕಪಕ್ಕದಲ್ಲಿ ಇರುವಾಗ ಊಹೆ ತಪ್ಪಿದರೆ ಗತಿಯೇನು?

ಇಲ್ಲಿಯೂ ಜನ ದೂರಿದರು. 2023ರ ಪರಿಷ್ಕರಣೆಯಲ್ಲಿ ಕೆಳಪಟ್ಟಿಯ ಹೆಸರುಗಳನ್ನು ಬೇಕಾದವರು ಪಡೆಯುವ ಅನುಕೂಲ ಮರಳಿತು. 2024ರ ಪರಿಷ್ಕರಣೆಯಲ್ಲಿ ಆ ಪುಟ್ಟ ಚಿತ್ರಗಳ ಜೊತೆಗೆ ಪದಗಳನ್ನು ಮತ್ತೆ ಬರೆಯಲಾಯಿತು. ಚಿತ್ರವೊಂದೇ ಸಾಲದು, ಜೊತೆಗೆ ಮಾತು ಬೇಕು ಎಂಬ ಸರಳ ಸತ್ಯವನ್ನು ಒಪ್ಪಿಕೊಳ್ಳಲು ಮೂರು ವರ್ಷ ಹಿಡಿಯಿತು. ಸಣ್ಣವರ ದೂರು ವ್ಯರ್ಥವಲ್ಲವೆಂಬ ಸಮಾಧಾನವೂ ಇದರಲ್ಲಿದೆ.

ತಯಾರಕರ ಪಕ್ಷದಲ್ಲಿಯೂ ನ್ಯಾಯವಿಲ್ಲದಿಲ್ಲ. ಪರದೆಗಳ ಗಾತ್ರ, ಬಳಸುವ ವಿಧಾನಗಳು ಬದಲಾಗುತ್ತವೆ. ಕಳ್ಳತನ-ವಂಚನೆಗಳ ಹೊಸ ದಾರಿಗಳನ್ನು ಮುಚ್ಚಬೇಕಾಗುತ್ತದೆ. ಹಳೆಯದನ್ನೇ ಹಿಡಿದು ಕೂಡುವುದೂ ಕ್ಷೇಮವಲ್ಲ. ವಿಂಡೋಸ್ 10ಕ್ಕೆ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ಹಣದ ಲೆಕ್ಕವಿರುವ ಯಂತ್ರವನ್ನು ರಕ್ಷಣೆಯಿಲ್ಲದೆ ಬಳಸುವುದು ಬಾಗಿಲಿಲ್ಲದ ಮನೆಯಲ್ಲಿ ಭಂಡಾರವಿಟ್ಟಂತೆ. ಆದುದರಿಂದ ಬದಲಾವಣೆ ಬೇಕೇ ಬೇಡವೇ ಎಂಬುದು ಪ್ರಶ್ನೆಯಲ್ಲ. ಬದಲಾವಣೆಯ ಭಾರವನ್ನು ಯಾರು ಹೊರಬೇಕು ಎಂಬುದೇ ಪ್ರಶ್ನೆ.

ಖಾತೆ ಪುಸ್ತಕದಿಂದ ಪರದೆಗೆ

ಈ ಪ್ರಶ್ನೆ ಗದಗ ಸೀಮೆಗೆ ವಿಶೇಷವಾಗಿ ಸಲ್ಲುತ್ತದೆ. ಇದೇ ತಾಲೂಕಿನ ಕಣಗಿನಹಾಳದಲ್ಲಿ 1905ರಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಕೃಷಿ ಸಹಕಾರಿ ಸಂಘವನ್ನು ಕಟ್ಟಿದರು. ನಾಡಿನ ಸಹಕಾರಿ ಚಳವಳಿಗೆ ಅದು ಮೊದಲ ಹೆಜ್ಜೆಯಾಯಿತು. ಆ ಸಂಘ ನಿಂತದ್ದು ನಂಬಿಕೆಯ ಮೇಲೆ, ನಂಬಿಕೆ ನಿಂತದ್ದು ಖಾತೆ ಪುಸ್ತಕದ ಮೇಲೆ. ಜಮಾ ಒಂದು ಮಗ್ಗುಲಿಗೆ, ಖರ್ಚು ಇನ್ನೊಂದು ಮಗ್ಗುಲಿಗೆ ಎಂಬ ಆ ಪುಸ್ತಕದ ರೂಪ ತಲೆಮಾರುಗಳವರೆಗೆ ಬದಲಾಗಲಿಲ್ಲ. ತಂದೆ ಬರೆದದ್ದನ್ನು ಮಗ ಓದಬಲ್ಲವನಾಗಿದ್ದ.

ಇಂದು ಸಹಕಾರಿ ಸಂಘಗಳೂ ಯಂತ್ರಕ್ಕೆ ಬಂದಿವೆ. ದೇಶದ 63,000 ಪ್ರಾಥಮಿಕ ಕೃಷಿ ಪತ್ತಿನ ಸಂಘಗಳನ್ನು ಗಣಕೀಕರಿಸುವ 2,516 ಕೋಟಿ ರೂಪಾಯಿಗಳ ಯೋಜನೆಗೆ ಕೇಂದ್ರ ಸರಕಾರ 2022ರಲ್ಲಿ ಒಪ್ಪಿಗೆಯಿತ್ತಿತು. ಇದು ಸ್ವಾಗತಾರ್ಹವಾದುದೇ. ಆದರೆ ಹಳ್ಳಿಯ ಲೆಕ್ಕಿಗನ ಕೈಗೆ ಯಂತ್ರವನ್ನು ಕೊಟ್ಟರೆ ಸಾಲದು. ಅದರ ಮುಖ ಬದಲಾದಾಗಲೆಲ್ಲ ಅವನಿಗೆ ಮತ್ತೆ ಕಲಿಸುವ ಹೊಣೆಯನ್ನೂ ಹೊರಬೇಕಾಗುತ್ತದೆ. ನಡುಹೊಳೆಯಲ್ಲಿ ಅಂಬಿಗನ ಹುಟ್ಟನ್ನು ಬೇರೆ ಕಡೆ ಇಟ್ಟು, ದೋಣಿ ಈಗ ಮೊದಲಿಗಿಂತ ಸುಂದರವಾಗಿದೆ ಎಂದರೆ ಅಂಬಿಗನೇನು ಮಾಡಬೇಕು?

ಕಲ್ಲಿನ ಮೇಲಿನ ಚಿಹ್ನೆಗಳು

ಹರ್ತಿಯಲ್ಲಿ ಚಾಲುಕ್ಯ ಕಾಲದ ಶಿಲ್ಪಗಳುಳ್ಳ ಉಮಾಮಹೇಶ್ವರ ದೇವಾಲಯವೂ ಇದೆ. ಅಂದು ಸಂಜೆ ಅಲ್ಲಿ ಕುಳಿತಿದ್ದಾಗ, ನಮ್ಮ ಪೂರ್ವಿಕರೂ ಚಿಹ್ನೆಗಳನ್ನು ಬಳಸಿದ್ದರೆಂಬುದು ನೆನಪಾಯಿತು. ಈ ಸೀಮೆಯ ಹಳೆಯ ದಾನಶಾಸನಗಳ ನೆತ್ತಿಯ ಮೇಲೆ ಸೂರ್ಯ, ಚಂದ್ರ, ಲಿಂಗ, ಕರುವಿಗೆ ಹಾಲೂಡುವ ಆಕಳು ಇವುಗಳನ್ನು ಕೆತ್ತಿರುವುದನ್ನು ಅನೇಕರು ಕಂಡಿರಬಹುದು. ಸೂರ್ಯಚಂದ್ರರಿರುವವರೆಗೆ ಈ ದಾನ ನಡೆಯಲಿ ಎಂಬುದು ಅದರ ಅರ್ಥ. ಓದುಬಾರದ ಒಕ್ಕಲಿಗನಿಗೂ ಆ ಕಲ್ಲಿನ ಗೌರವ ತಿಳಿಯುತ್ತಿತ್ತು. ಚಿತ್ರದ ಕೆಳಗೆ ಓದಬಲ್ಲವರಿಗಾಗಿ ಅಕ್ಷರಗಳಿರುತ್ತಿದ್ದವು: ಯಾರು, ಯಾರಿಗೆ, ಯಾವ ಹೊಲ, ಎಷ್ಟು ಮತ್ತರು ಎಂದು. ಶತಮಾನಗಳು ಕಳೆದರೂ, ಅರಸುಮನೆತನಗಳು ಬದಲಾದರೂ ಸೂರ್ಯಚಂದ್ರರ ಚಿಹ್ನೆಗೆ ಅದೇ ಅರ್ಥ ಉಳಿಯಿತು. ಚಿತ್ರಕ್ಕೆ ಜೊತೆಯಾಗಿ ಮಾತು, ಎರಡಕ್ಕೂ ಜೊತೆಯಾಗಿ ಸ್ಥಿರತೆ: ಕಲ್ಲುಕುಟಿಗರಿಗೆ ತಿಳಿದಿದ್ದ ಈ ಮರ್ಯಾದೆ ಇಂದಿನ ತಂತ್ರಜ್ಞರಿಗೂ ತಿಳಿದಿರಬೇಕು.

ನಮ್ಮ ಧರ್ಮವೂ ಕುರುಹಿನ ಮಹತ್ವವನ್ನು ಬಲ್ಲದು. ಇಷ್ಟಲಿಂಗವನ್ನು ನಾವು ಅರಿವಿನ ಕುರುಹು ಎನ್ನುತ್ತೇವೆ. ಪರದೆಯ ಚಿತ್ರವನ್ನು ಅದರೊಡನೆ ಹೋಲಿಸುವ ಉದ್ಧಟತನ ನಮ್ಮದಲ್ಲ. ಆದರೆ ಗುರುವು ಕುರುಹನ್ನು ಬರಿದೆ ಕೊಡುವುದಿಲ್ಲ ಎಂಬುದನ್ನು ಮಾತ್ರ ನೆನೆಯೋಣ. ಹತ್ತಿರ ಕೂಡಿಸಿಕೊಂಡು, ಕಿವಿಯಲ್ಲಿ ಮಂತ್ರವನ್ನು ಹೇಳಿ, ಅರ್ಥವನ್ನು ತಿಳಿಸಿ, ಆ ಬಳಿಕವೇ ಕರಸ್ಥಲಕ್ಕೆ ಕೊಡುತ್ತಾನೆ. ಕುರುಹಿನೊಡನೆ ಮಾತು, ಮಾತಿನೊಡನೆ ಕರುಣೆ ಇರುವುದರಿಂದಲೇ ಅದು ಅರಿವಾಗಿ ಬೆಳೆಯುತ್ತದೆ. ಲೌಕಿಕದ ಸಣ್ಣ ವಿದ್ಯೆಯನ್ನು ಕೊಡುವಾಗಲೂ ಈ ಕ್ರಮವನ್ನು ಮರೆಯಬಾರದು.

ಇನ್ನೊಂದು ಸಂಗತಿ. ಗದಗು ಪಂಚಾಕ್ಷರಿ ಗವಾಯಿಗಳ, ಪುಟ್ಟರಾಜ ಗವಾಯಿಗಳ ಕ್ಷೇತ್ರ. ಕಣ್ಣಿಲ್ಲದವರು ಸಾವಿರಾರು ಜನರಿಗೆ ದಾರಿ ತೋರಿದ ನೆಲವಿದು. ಇಂದು ಅಂಧರು ಪರದೆಯ ಮೇಲಿನದನ್ನು ಓದಿಹೇಳುವ ತಂತ್ರಾಂಶಗಳ ನೆರವಿನಿಂದ ಗಣಕಯಂತ್ರವನ್ನು ಬಳಸುತ್ತಾರೆ. ಚಿತ್ರದ ಬೆನ್ನಿಗೆ ಹೆಸರನ್ನು ಇಟ್ಟಿರದಿದ್ದರೆ ಆ ತಂತ್ರಾಂಶವು "ಗುಂಡಿ" ಎಂದಷ್ಟೇ ಹೇಳಿ ಸುಮ್ಮನಾಗುತ್ತದೆ. ಹೆಸರಿಲ್ಲದ ಚಿತ್ರ ಅವರಿಗೆ ಮುಚ್ಚಿದ ಬಾಗಿಲು. ಕಣ್ಣುಳ್ಳ ಹಿರಿಯರಿಗೆ ಆದ ತೊಂದರೆಯ ಇನ್ನೊಂದು ರೂಪವಿದು.

ಮನೆಮಂದಿ ಮಾಡಬೇಕಾದುದು

ದೂರದ ಕಂಪನಿಗಳನ್ನು ತಿದ್ದುವುದು ನಮ್ಮ ಕೈಯಲ್ಲಿಲ್ಲ. ಮನೆಯೊಳಗೆ ಮಾಡಬಹುದಾದುದು ಸಾಕಷ್ಟಿದೆ.

ಮೊದಲನೆಯದಾಗಿ, ಹಿರಿಯರ ಯಂತ್ರವನ್ನು ಬದಲಾಯಿಸುವ ಮುನ್ನ ಅವರಿಗೆ ತಿಳಿಸಬೇಕು. ಅವರ ಕಡತಗಳ ಒಂದು ಪ್ರತಿಯನ್ನು ಪೆನ್‌ಡ್ರೈವಿನಲ್ಲಿಯೂ, ಮುಖ್ಯವಾದ ಲೆಕ್ಕವನ್ನು ಕಾಗದದ ಮೇಲೆಯೂ ಇಡಬೇಕು. ಹೊಸ ಯಂತ್ರ ಕಡತಗಳನ್ನು ಎಲ್ಲಿ ಇಡುತ್ತದೆ ಎಂಬುದನ್ನು ಮೊದಲ ದಿನವೇ ತೋರಿಸಬೇಕು.

ಎರಡನೆಯದಾಗಿ, ಹಳೆಯ ಜಾಗಕ್ಕೆ ತರಬಹುದಾದುದನ್ನು ತರಬೇಕು. ವಿಂಡೋಸ್ 11ರಲ್ಲಿ ನಡುವಿನ ಚಿತ್ರಗಳನ್ನು ಮರಳಿ ಎಡಕ್ಕೆ ಸರಿಸುವ ಏರ್ಪಾಡು ಸೆಟ್ಟಿಂಗ್ಸ್ ವಿಭಾಗದಲ್ಲಿದೆ. ಅಕ್ಷರಗಳ ಗಾತ್ರವನ್ನು ಹಿಗ್ಗಿಸಬಹುದು. ಕನ್ನಡದ ಭಾಷಾಕಟ್ಟನ್ನು ಹಾಕಿಕೊಂಡರೆ ಪಟ್ಟಿಗಳಲ್ಲಿನ ಬಹುಪಾಲು ಪದಗಳು ಕನ್ನಡದಲ್ಲಿ ಕಾಣುತ್ತವೆ. ಇದಕ್ಕೆ ಬೇರೆ ಹಣ ಕೊಡಬೇಕಾಗಿಲ್ಲ.

ಮೂರನೆಯದಾಗಿ, ಚಿತ್ರವನ್ನು ಕಂಡೊಡನೆ ಒತ್ತದೆ, ಮೌಸಿನ ಬಾಣವನ್ನು ಅದರ ಮೇಲೆ ಒಂದು ಕ್ಷಣ ನಿಲ್ಲಿಸಲು ಕಲಿಸಬೇಕು. ಬಹುತೇಕ ಚಿತ್ರಗಳ ಹೆಸರು ಆಗ ತಾನಾಗಿಯೇ ಮೂಡುತ್ತದೆ.

ನಾಲ್ಕನೆಯದಾಗಿ, ಮುಖ ಬದಲಾದರೂ ಬದಲಾಗದ ಕೆಲವು ಬೀಜಾಕ್ಷರಗಳಿವೆ; ಅವನ್ನು ಬಾಯಿಪಾಠ ಮಾಡಿಸಬೇಕು. ಕಂಟ್ರೋಲ್ ಗುಂಡಿಯ ಜೊತೆ ಎಸ್ ಒತ್ತಿದರೆ ಉಳಿಸು, ಸಿ ಒತ್ತಿದರೆ ನಕಲಿಸು, ವಿ ಒತ್ತಿದರೆ ಅಂಟಿಸು, ಝಡ್ ಒತ್ತಿದರೆ ಆದ ತಪ್ಪನ್ನು ಹಿಂದಕ್ಕೆ ಪಡೆ. ಹೊರಗಿನ ಬಣ್ಣ-ಚಿತ್ರಗಳು ಹತ್ತು ಸಲ ಬದಲಾದರೂ ಇವು ದಶಕಗಳಿಂದ ಹಾಗೆಯೇ ಉಳಿದಿವೆ.

ಐದನೆಯದು ಎಲ್ಲಕ್ಕಿಂತ ಮುಖ್ಯವಾದುದು. ಕಲಿಸುವಾಗ ಮೌಸು ಹಿರಿಯರ ಕೈಯಲ್ಲಿಯೇ ಇರಲಿ. "ಸರಿ, ನಾನೇ ಮಾಡತೀನಿ" ಎಂದು ಕಿತ್ತುಕೊಂಡರೆ ಆ ದಿನದ ಕೆಲಸವಾಗುತ್ತದೆ, ಅವರ ಧೈರ್ಯ ಹೋಗುತ್ತದೆ. ನಮಗೆ ಅಕ್ಷರ ತಿದ್ದಿಸುವಾಗ ಅವರು ಪಾಟಿಯನ್ನು ಕಿತ್ತುಕೊಂಡಿರಲಿಲ್ಲ. ಕೈಯ ಮೇಲೆ ಕೈಯಿಟ್ಟು ತಿದ್ದಿಸಿದ್ದರು. ಅವರು ಒಂದನ್ನೇ ನಾಲ್ಕು ಸಲ ಕೇಳಿದರೆ ನಾಲ್ಕು ಸಲ ಹೇಳುವುದು ಆ ಋಣದ ಸಣ್ಣ ಪಾಲು.

ಮತ್ತೆ ಹರ್ತಿಗೆ

ಎರಡು ತಿಂಗಳ ತರುವಾಯ ಆ ಮನೆಗೆ ಮತ್ತೊಮ್ಮೆ ಹೋದೆವು. ಪರದೆಯ ಅಂಚಿನ ಸುತ್ತ ಕಾಗದದ ಚೂರುಗಳು ಅಂಟಿಕೊಂಡಿದ್ದವು. ಮೊಮ್ಮಗಳು ಪ್ರತಿಯೊಂದು ಚಿತ್ರವನ್ನು ಪೆನ್ಸಿಲಿನಿಂದ ಬರೆದು, ಪಕ್ಕದಲ್ಲಿ ದುಂಡಾದ ಕನ್ನಡದಲ್ಲಿ ಅದರ ಹೆಸರನ್ನೂ ಕೆಲಸವನ್ನೂ ಬರೆದಿದ್ದಳು. ಅಳಿಸುವ ಚಿತ್ರದ ಪಕ್ಕದಲ್ಲಿ ಕೆಂಪು ಮಸಿಯಿಂದ "ಅಜ್ಜಾ, ಎರಡು ಸಲ ನೋಡು" ಎಂದಿತ್ತು. ಹಿರಿಯರು ಕನ್ನಡಕ ಏರಿಸಿಕೊಂಡು, ಒಮ್ಮೆ ಚೀಟಿಯನ್ನೂ ಒಮ್ಮೆ ಪರದೆಯನ್ನೂ ನೋಡುತ್ತ, ನಿಧಾನವಾಗಿ ದಾಸೋಹದ ಜೋಳದ ಲೆಕ್ಕವನ್ನು ತುಂಬುತ್ತಿದ್ದರು. ಕಾಯಕವನ್ನು ಬೇರೆಯವರಿಗೆ ಒಪ್ಪಿಸುವ ಮಾತನ್ನು ಅವರು ಎತ್ತಲಿಲ್ಲ, ನಾವೂ ಕೇಳಲಿಲ್ಲ. ಮೂರು ಚೀಟಿಗಳನ್ನು ಆಗಲೇ ಕಿತ್ತು ಪಕ್ಕಕ್ಕಿಟ್ಟಿದ್ದರು. ಏಕೆಂದು ಕೇಳಿದರೆ, "ಅವು ಈಗ ಬರತಾವರಿ" ಎಂದರು.

ನಾಳೆ ಯಂತ್ರದ ಮುಖ ಮತ್ತೆ ಬದಲಾಗಬಹುದು. ಇಂದಿನ ತರುಣರೂ ಒಂದು ದಿನ ಅಪರಿಚಿತ ಚಿತ್ರಗಳ ಮುಂದೆ ಕೈಚೆಲ್ಲಿ ಕೂಡುವ ಕಾಲ ಬರುತ್ತದೆ. ಅಂದು ಅವರ ಪಕ್ಕದಲ್ಲಿ ಕುಳಿತು ಹೆಸರು ಹೇಳಿಕೊಡುವವರು ಇರಬೇಕಾದರೆ, ಇಂದು ಅವರು ತಮ್ಮ ಹಿರಿಯರ ಪಕ್ಕದಲ್ಲಿ ಕೂಡುವುದನ್ನು ಮಕ್ಕಳು ನೋಡಿರಬೇಕು. ನಮ್ಮ ಮನೆಗಳಲ್ಲಿ ಯಾರ ಕಾಯಕವೂ ಒಂದು ಪುಟ್ಟ ಚಿತ್ರದ ದೆಸೆಯಿಂದ ನಿಲ್ಲದಿರಲಿ ಎಂದು ಹಾರೈಸುತ್ತೇವೆ.